ಬೆಳೆಸೋರು ಒಬ್ಬರು, ಕೊಯ್ಯೋರು ಇನ್ನೊಬ್ಬರು

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅಂದ್ರೆ ಹೊರಗಿನವರಿಗೆ ಕಾಣೋದು ರಾಷ್ಟ್ರೀಯ ಲೀಗ್ ಎಎಫ್‌ಎಲ್ ಮಾತ್ರ. ಆಟಗಾರರು ಪಳಗೋದು ರಾಜ್ಯಗಳಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ಡಬ್ಲ್ಯುಎಎಫ್‌ಎಲ್ 1885ರಿಂದ ಇದೆ. ಅದರ ಹಳೆಯ ಕ್ಲಬ್‌ಗಳು ತಂತಮ್ಮ ವಲಯದ ಹುಡುಗರನ್ನು ಕೋಲ್ಟ್ಸ್ ತಂಡದವರೆಗೆ ಬೆಳೆಸುತ್ತವೆ. ಆಮೇಲೆ, 18 ತುಂಬುವ ವರ್ಷ, ರಾಷ್ಟ್ರೀಯ ಡ್ರಾಫ್ಟ್. ಪರ್ತ್ ಹುಡುಗನನ್ನು ಮೆಲ್ಬರ್ನ್ ಕ್ಲಬ್ ಆರಿಸಿದರೆ ಅವನು ಗಂಟುಮೂಟೆ ಕಟ್ಟಬೇಕು.

ಹಾಗಾದ್ರೆ ಬೆಳೆಸಿದ ಖರ್ಚು ಯಾರದ್ದು? ಪಶ್ಚಿಮ ಆಸ್ಟ್ರೇಲಿಯಾ ಇದಕ್ಕೆ ಮಾಲೀಕತ್ವದಲ್ಲಿ ಉತ್ತರ ಹುಡುಕಿತು. ಅಲ್ಲಿನ ಎರಡೂ ಎಎಫ್‌ಎಲ್ ಕ್ಲಬ್‌ಗಳು, ವೆಸ್ಟ್ ಕೋಸ್ಟ್ ಮತ್ತು ಫ್ರೀಮ್ಯಾಂಟಲ್, ರಾಜ್ಯದ ಫುಟ್‌ಬಾಲ್ ಆಯೋಗದ್ದು. ಅವುಗಳ ಗಳಿಕೆಯ ಒಂದು ಪಾಲು ಕೆಳಹಂತದ ಆಟಕ್ಕೆ ಇಳಿಯುತ್ತದೆ. ದಕ್ಷಿಣ ಆಸ್ಟ್ರೇಲಿಯಾದಲ್ಲೂ ಅಡಿಲೇಡ್, ಪೋರ್ಟ್ ಅಡಿಲೇಡ್ ಲೈಸೆನ್ಸ್‌ಗಳು ರಾಜ್ಯ ಲೀಗ್ ಕೈಯಲ್ಲೇ ಇದ್ದವು; 2014ರಲ್ಲಿ ಬಿಟ್ಟುಕೊಡಲಾಯಿತು.

ಟ್ಯಾಸ್ಮೇನಿಯಾ ಮಾತ್ರ ದಶಕಗಟ್ಟಲೆ ಆಟಗಾರರನ್ನು ಕಳಿಸಿಕೊಡುತ್ತಲೇ ಇತ್ತು, ಸ್ವಂತ ಎಎಫ್‌ಎಲ್ ತಂಡವಿರಲಿಲ್ಲ. 2023ರಲ್ಲಿ ಲೈಸೆನ್ಸ್ ಸಿಕ್ಕಿತು. ಷರತ್ತು: ಹೊಬಾರ್ಟ್‌ನಲ್ಲಿ ಛಾವಣಿಯಿರುವ ಹೊಸ ಕ್ರೀಡಾಂಗಣ.

ನನ್ನ ವಾದ ಇಷ್ಟೇ. ಅನುದಾನವನ್ನು ಮುಂದಿನ ಬಜೆಟ್‌ನಲ್ಲಿ ಕತ್ತರಿಸಬಹುದು. ಮಾಲೀಕನ ಪಾಲಿಗೆ ಅಷ್ಟು ಸುಲಭವಾಗಿ ಕತ್ತರಿ ಹಾಕೋಕಾಗಲ್ಲ. ಹುಡುಗರನ್ನು ಬೆಳೆಸುವ ಊರಿಗೆ ಚಪ್ಪಾಳೆ ಸಾಲದು, ಲೆಕ್ಕದ ಪುಸ್ತಕದಲ್ಲಿ ಹೆಸರಿರಬೇಕು.