‘ಲಿಮಿಟೆಡ್’ ಶೂ ವಾಪಸ್ ಕೊಡಬಹುದೇ? ಬಿಲ್ ಹೇಳುವುದೊಂದು, ಕಾನೂನು ಹೇಳುವುದೊಂದು

ಉಪ್ಪಳ, ಕುಂಬಳೆ, ಮಂಜೇಶ್ವರದ ಹುಡುಗರ ಕಾಲಲ್ಲಿ ಹದಿನೈದು, ಇಪ್ಪತ್ತು ಸಾವಿರ ರೂಪಾಯಿಯ ಶೂ ಕಾಣುವುದು ಈಗ ಹೊಸತೇನಲ್ಲ. ಕೆಲವರಿಗೆ ಗಲ್ಫಿನಲ್ಲಿರುವ ಮನೆಯವರು ಕಳುಹಿಸಿದ್ದು, ಕೆಲವರು ಮಂಗಳೂರಿನ ಮಾಲ್‌ಗೆ ಹೋಗಿ ತಂದದ್ದು, ಇನ್ನು ಕೆಲವರು ತಿಂಗಳುಗಟ್ಟಲೆ ಸಂಬಳದಲ್ಲಿ ಉಳಿಸಿ ಮೊಬೈಲ್‌ನಲ್ಲಿ ತರಿಸಿದ್ದು. ಶೂ ಸರಿಯಾಗಿದ್ದರೆ ಚಿಂತೆ ಇಲ್ಲ. ಸೈಜ್ ತಪ್ಪಿದರೆ, ಸೋಲ್ ಬಿಟ್ಟುಕೊಂಡರೆ, ನಕಲಿ ಇರಬಹುದೇ ಎಂಬ ಸಂಶಯ ಬಂದರೆ ಜಗಳ ಶುರು.

ಅಂಗಡಿಯವರು ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಾಲು ತೋರಿಸುತ್ತಾರೆ: ‘ಮಾರಿದ ಮಾಲು ವಾಪಸ್ ಇಲ್ಲ, ಬದಲಾವಣೆ ಇಲ್ಲ.’ ಹೆಚ್ಚಿನ ಹುಡುಗರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ಕೆಲವರು ಇದಕ್ಕೆ ತದ್ವಿರುದ್ಧ. ಬಣ್ಣ ಇಷ್ಟವಾಗಲಿಲ್ಲ ಎಂಬುದಕ್ಕೂ ‘ಗ್ರಾಹಕ ಕೋರ್ಟಿಗೆ ಹೋಗ್ತೇನೆ’ ಎಂದು ಹೆದರಿಸುತ್ತಾರೆ. ಎರಡೂ ಸರಿಯಲ್ಲ. ಸಣ್ಣದೊಂದು ಚಪ್ಪಲಿ, ಶೂ ಅಂಗಡಿ ನಡೆಸುವವನಾದ್ದರಿಂದ ಕೌಂಟರಿನ ಎರಡೂ ಬದಿಯ ಮಾತು ನನ್ನ ಕಿವಿಗೆ ಬೀಳುತ್ತದೆ. ಯಾವ ಜಗಳದಲ್ಲಿ ಗಿರಾಕಿಗೆ ಹಕ್ಕಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಅಂಗಡಿಯವರು ಯಾಕೆ ಇಷ್ಟು ಬಿಗಿ?

ಲಿಮಿಟೆಡ್ ಶೂ ಅಂದರೆ ಕಂಪೆನಿ ಬೇಕೆಂದೇ ಕಡಿಮೆ ಸಂಖ್ಯೆಯಲ್ಲಿ ಮಾಡಿ, ನಿಗದಿತ ದಿನ, ನಿಗದಿತ ಗಂಟೆಗೆ ಮಾರಾಟಕ್ಕೆ ಬಿಡುವ ಶೂ. ಹುಡುಗರ ಭಾಷೆಯಲ್ಲಿ ಇದು ‘ಡ್ರಾಪ್’. 2005ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ನೈಕಿಯ ‘ಪಿಜನ್’ ಡಂಕ್ ಬಂದಾಗ ಇದ್ದದ್ದು 150 ಜೊತೆ ಮಾತ್ರ. ಅಂಗಡಿ ಮುಂದೆ ನೂಕುನುಗ್ಗಲಾಗಿ ಪೊಲೀಸರು ಬರಬೇಕಾಯಿತು. ಮಾಲು ಕಡಿಮೆ, ಬೇಡಿಕೆ ಜಾಸ್ತಿ ಆದಲ್ಲಿ ಎರಡನೇ ಮಾರುಕಟ್ಟೆ ಹುಟ್ಟಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಕ್ಕಿದವ ಹೆಚ್ಚು ರೇಟಿಗೆ ಇನ್ನೊಬ್ಬನಿಗೆ ಮಾರುತ್ತಾನೆ. ಇದೇ ರಿಸೇಲ್.

ಇನ್ನು ಅಂಗಡಿಯವರ ಕಷ್ಟ ನೋಡಿ. ಒಂದು ಜೊತೆ 17,700 ರೂಪಾಯಿ ಎಂದಿಟ್ಟುಕೊಳ್ಳೋಣ. 30 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು ಎಂಬ ಸೌಲಭ್ಯ ಇದ್ದರೆ, ಕೊಂಡವನು ಒಂದು ತಿಂಗಳು ಕಾದು ನೋಡಬಹುದು. ರೇಟ್ 25,000ಕ್ಕೆ ಏರಿದರೆ ಮಾರುತ್ತಾನೆ, ಬಿದ್ದರೆ ಅಂಗಡಿಗೆ ತಂದುಕೊಡುತ್ತಾನೆ. ಲಾಭ ಅವನಿಗೆ, ನಷ್ಟ ಅಂಗಡಿಗೆ. ಎರಡನೆಯದು, ಅಸಲಿ ಶೂ ಒಯ್ದು ಅದೇ ಬಾಕ್ಸಿನಲ್ಲಿ ನಕಲಿ ಇಟ್ಟು ವಾಪಸ್ ತರುವ ಮೋಸ. ಮೂರನೆಯದು, ಸೈಜ್ ಬದಲಿಸಲು ಬೇರೆ ಜೊತೆಯೇ ಇರುವುದಿಲ್ಲ. 2022ರ ಅಕ್ಟೋಬರಿನಲ್ಲಿ ನೈಕಿ ಕೂಡ ಅಮೆರಿಕದ ತನ್ನ ಮಾರಾಟದ ಷರತ್ತುಗಳನ್ನು ಬದಲಿಸಿ, ರಿಸೇಲ್‌ಗಾಗಿ ಕೊಂಡದ್ದು ಎಂದು ಕಂಡರೆ ಆರ್ಡರ್ ರದ್ದು ಮಾಡುವ, ರೀಫಂಡ್ ನಿರಾಕರಿಸುವ ಅಧಿಕಾರ ಇಟ್ಟುಕೊಂಡಿತು.

ಹಾಗಾಗಿ ‘ಲಿಮಿಟೆಡ್ ಮಾಲಿಗೆ ರಿಟರ್ನ್ ಇಲ್ಲ’ ಎನ್ನುವುದಕ್ಕೆ ವ್ಯಾಪಾರದ ಕಾರಣ ಇದೆ. ಆದರೆ ಆ ಕಾರಣ ಎಲ್ಲ ಜಗಳಕ್ಕೂ ಹೊಂದುವುದಿಲ್ಲ.

ಮೂರು ಜಗಳ, ಮೂರು ಉತ್ತರ

ಮೊದಲನೆಯದು ಮನಸ್ಸು ಬದಲಾದದ್ದು ಅಥವಾ ಸೈಜ್ ತಪ್ಪಿದ್ದು. ಶೂನಲ್ಲಿ ದೋಷ ಇಲ್ಲ, ನಿಮಗೆ ಬೇಡ ಅಷ್ಟೇ. ಅಂಗಡಿಗೆ ಹೋಗಿ ನೋಡಿ ಕೊಂಡ ಮಾಲನ್ನು ಈ ಕಾರಣಕ್ಕೆ ವಾಪಸ್ ಪಡೆಯಲೇಬೇಕು ಎಂದು ನಮ್ಮ ದೇಶದ ಕಾನೂನು ಹೇಳುವುದಿಲ್ಲ. ಇಲ್ಲಿ ಅಂಗಡಿಯ ಪಾಲಿಸಿಯೇ ಕೊನೆಯ ಮಾತು. ಸೈಜ್ ವಿಷಯದಲ್ಲಿ ಎಡವುವವರು ಬಹಳ. ಗಂಡಸರ ಶೂನಲ್ಲಿ ನೈಕಿಯ ಯುಕೆ 8 ಅಂದರೆ ಯುಎಸ್ 9, ಅಡಿಡಾಸ್‌ನ ಯುಕೆ 8 ಅಂದರೆ ಯುಎಸ್ 8.5. ಬರೀ ‘9’ ಎಂದು ಆರ್ಡರ್ ಹಾಕಿ ಆಮೇಲೆ ಜಗಳ ಮಾಡಿದರೆ ಗೆಲ್ಲುವುದು ಕಷ್ಟ.

ಎರಡನೆಯದು ದೋಷದ ಮಾಲು. ಸೋಲ್ ಬಿಟ್ಟಿದೆ, ಹೊಲಿಗೆ ಬಿಚ್ಚಿದೆ, ಎಡ ಬಲ ಬೇರೆ ಬೇರೆ ಸೈಜ್ ಬಂದಿದೆ. ಇಲ್ಲಿ ಪಾಲಿಸಿಯ ಆಟ ನಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 2(47)ನೇ ಕಲಂ ಪ್ರಕಾರ, ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ‘ಅನುಚಿತ ವ್ಯಾಪಾರ ಪದ್ಧತಿ’. ಶೂ ಲಿಮಿಟೆಡ್ ಆಗಿದ್ದರೂ, ಲಕ್ಷ ರೂಪಾಯಿಯದ್ದಾಗಿದ್ದರೂ ವ್ಯತ್ಯಾಸ ಇಲ್ಲ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಬಿಲ್ಲಿನಲ್ಲಿ ಮುದ್ರಿಸುವುದರ ವಿರುದ್ಧ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 1999ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಕೇರಳದಲ್ಲಿ ಎರ್ನಾಕುಳಂ ಜಿಲ್ಲಾ ಗ್ರಾಹಕ ಆಯೋಗವೂ ಇಂಥ ಮುದ್ರಣ ಕಾನೂನಿಗೆ ವಿರುದ್ಧ ಎಂದಿದೆ. ಬಿಲ್ಲಿನ ಆ ಸಾಲು ನೋಡಿ ದೋಷದ ಶೂ ಹಿಡಿದುಕೊಂಡು ಮನೆಗೆ ವಾಪಸ್ ಬರಬೇಕಾಗಿಲ್ಲ.

ಮೂರನೆಯದು ನಕಲಿ ಮಾಲು ಅಥವಾ ಹೇಳಿದ್ದೊಂದು ಕೊಟ್ಟದ್ದೊಂದು. ಆನ್‌ಲೈನ್‌ನಲ್ಲಿ ಕೊಂಡದ್ದಾದರೆ 2020ರ ಇ-ಕಾಮರ್ಸ್ ನಿಯಮಗಳು ನಿಮ್ಮ ಪರವಾಗಿವೆ. ಮಾಲು ದೋಷದ್ದು, ನಕಲಿ ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ್ದಾದರೆ ಮಾರಾಟಗಾರರು ವಾಪಸ್ ಪಡೆಯಲು, ಹಣ ಕೊಡಲು ನಿರಾಕರಿಸುವಂತಿಲ್ಲ. ಮಾರಾಟದ ವೇದಿಕೆಗೆ ದೂರು ಅಧಿಕಾರಿ ಇರಬೇಕು. ಅವರು 48 ಗಂಟೆಯೊಳಗೆ ದೂರು ಬಂತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

‘ನಾವು ಚೆಕ್ ಮಾಡಿಯೇ ಕಳುಹಿಸುತ್ತೇವೆ’ ಎನ್ನುವ ಮಾತನ್ನು ಪೂರ್ತಿ ನಂಬಿ ಕೂರಬೇಡಿ. ಪರೀಕ್ಷಿಸಿದ ಶೂ ಮಾತ್ರ ಮಾರುತ್ತೇವೆ ಎನ್ನುತ್ತಿದ್ದ ಅಮೆರಿಕದ ಸ್ಟಾಕ್‌ಎಕ್ಸ್ ವೇದಿಕೆ 37 ಜೊತೆ ನಕಲಿ ನೈಕಿ ಶೂ ಮಾರಿದ್ದಕ್ಕೆ ಹೊಣೆ ಎಂದು 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಹೇಳಿತು. ಅಷ್ಟು ದೊಡ್ಡವರ ಕಣ್ಣೇ ತಪ್ಪುವಾಗ ಇನ್‌ಸ್ಟಾಗ್ರಾಮಿನ ಒಂದು ಅಕೌಂಟಿನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ನೀವೇ ಯೋಚಿಸಿ.

ರಿಸೇಲ್ ಮಾಡುವ ಹುಡುಗರು ಇದನ್ನು ಓದಲೇಬೇಕು

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದು. ಗ್ರಾಹಕ ಕಾಯ್ದೆಯ ರಕ್ಷಣೆ ‘ಗ್ರಾಹಕ’ನಿಗೆ ಮಾತ್ರ. ಮರುಮಾರಾಟಕ್ಕಾಗಿ ಮಾಲು ಕೊಂಡವನು ಆ ಕಾಯ್ದೆಯಲ್ಲಿ ಗ್ರಾಹಕನೇ ಅಲ್ಲ ಎಂದು 2(7)ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ನೀವು ಒಂದೇ ಮಾಡೆಲ್‌ನ ನಾಲ್ಕು ಸೈಜ್ ಕೊಂಡು, ಸ್ಟೇಟಸ್‌ನಲ್ಲಿ ‘ಬೇಕಾದವರು ಮೆಸೇಜ್ ಮಾಡಿ’ ಎಂದು ಹಾಕಿದ್ದರೆ, ಅಂಗಡಿಯವರ ವಕೀಲರು ಆ ಸ್ಕ್ರೀನ್‌ಶಾಟ್ ಹಿಡಿದುಕೊಂಡೇ ಆಯೋಗಕ್ಕೆ ಬರುತ್ತಾರೆ. ಆಗ ಉಳಿಯುವುದು 1930ರ ಸರಕು ಮಾರಾಟ ಕಾಯ್ದೆ. ಹೇಳಿದ ವಿವರಣೆಗೆ ಮಾಲು ಹೊಂದಬೇಕು, ಮಾರಲು ಯೋಗ್ಯವಾದ ಗುಣಮಟ್ಟ ಇರಬೇಕು ಎಂದು ಅದೂ ಹೇಳುತ್ತದೆ. ಆದರೆ ಅದಕ್ಕೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು, ಕೋರ್ಟ್ ಫೀ ಕಟ್ಟಬೇಕು.

ಇನ್ನೊಂದು ಮುಖವೂ ಇದೆ. ನೀವು ಮಾರಲು ಕೂತ ಕೂಡಲೇ ಕಾನೂನಿನ ಕಣ್ಣಿನಲ್ಲಿ ನೀವು ವ್ಯಾಪಾರಿ. ನಿಮ್ಮಿಂದ ಕೊಂಡ ಹುಡುಗ ತನ್ನ ಉಪಯೋಗಕ್ಕೆ ಕೊಂಡಿದ್ದರೆ ಅವನು ಗ್ರಾಹಕ. ಶೂ ನಕಲಿ ಎಂದಾದರೆ ಅವನು ಹುಡುಕಿಕೊಂಡು ಬರುವುದು ನಿಮ್ಮನ್ನೇ. ‘ನನಗೂ ಗೊತ್ತಿರಲಿಲ್ಲ’ ಎಂದರೆ ಅವನ ಹಣ ಹುಟ್ಟುವುದಿಲ್ಲ. ಊರಿನಲ್ಲಿ ನಾಳೆ ಬೇರೆ ವ್ಯಾಪಾರ ಮಾಡಬೇಕೆಂದಿರುವವನಿಗೆ ಒಂದು ಜೊತೆ ಶೂಗಾಗಿ ಹೆಸರು ಕೆಡಿಸಿಕೊಳ್ಳುವುದು ದೊಡ್ಡ ನಷ್ಟ.

ಬಾಕ್ಸಿನಲ್ಲೇ ಹಾಳಾಗುವ ಶೂ

ಹತ್ತು ವರ್ಷ ಹಿಂದಿನ ಲಿಮಿಟೆಡ್ ಶೂ ‘ಒಮ್ಮೆಯೂ ಹಾಕಿಲ್ಲ’ ಎಂದು ಮಾರುವವರಿದ್ದಾರೆ. ಹಾಕಿಲ್ಲ ಎಂಬುದು ನಿಜವೇ ಇರಬಹುದು. ಆದರೂ ಮೊದಲ ದಿನವೇ ಸೋಲ್ ಬಿಸ್ಕೆಟಿನ ಹಾಗೆ ಪುಡಿಯಾಗುತ್ತದೆ. ಅನೇಕ ಶೂಗಳ ನಡುವಿನ ಪದರ ಪಾಲಿಯುರಿಥೇನ್‌ನದ್ದು. ಗಾಳಿಯ ತೇವ ಸೇರಿ ಅದು ವರ್ಷಗಳಲ್ಲಿ ಒಳಗಿಂದೊಳಗೆ ಒಡೆಯುತ್ತದೆ. ನಮ್ಮ ಕರಾವಳಿಯ ಮಳೆಗಾಲ, ಸೆಕೆ ಎರಡೂ ಅದಕ್ಕೆ ಒಳ್ಳೆಯದಲ್ಲ. ಇಂಥ ಜಗಳದಲ್ಲಿ ಮಾರಿದವನು ‘ಹಳೆಯದು ಎಂದು ಹೇಳಿಯೇ ಕೊಟ್ಟದ್ದು’ ಎನ್ನುತ್ತಾನೆ. ಆದ್ದರಿಂದ ಶೂ ನಾಲಗೆಯ ಒಳಗಿನ ಲೇಬಲ್‌ನಲ್ಲಿರುವ ತಯಾರಿಕೆಯ ದಿನಾಂಕದ ಫೋಟೋ ಮೊದಲೇ ಕೇಳಿ. ‘ಹಾಕಿ ನಡೆಯಬಹುದೇ?’ ಎಂದು ಮೆಸೇಜಿನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ.

ಗಡಿ ದಾಟಿ ಕೊಂಡರೆ?

ನಮ್ಮವರ ಶಾಪಿಂಗ್ ಹೆಚ್ಚಾಗಿ ಮಂಗಳೂರಿನಲ್ಲಿ, ವಾಸ ಕೇರಳದಲ್ಲಿ. ಹಿಂದಿನ 1986ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಅಂಗಡಿ ಇರುವ ಕಡೆಯೇ ದೂರು ಕೊಡಬೇಕಿತ್ತು. ಹೊಸ ಕಾಯ್ದೆಯ 34ನೇ ಕಲಂ ಅದನ್ನು ಬದಲಿಸಿದೆ. ದೂರು ಕೊಡುವವರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಮಂಗಳೂರಿನಲ್ಲಿ ಕೊಂಡ ಶೂಗೆ, ಮುಂಬೈಯಿಂದ ಪಾರ್ಸೆಲ್ ಬಂದ ಶೂಗೆ ಉಪ್ಪಳದವನು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.

ದುಬೈಯಲ್ಲಿ ಕೊಂಡದ್ದರ ಕತೆ ಬೇರೆ. ಯುಎಇಗೆ ಅದರದೇ ಗ್ರಾಹಕ ಸಂರಕ್ಷಣಾ ಕಾನೂನಿದೆ, 2020ರ 15ನೇ ಸಂಖ್ಯೆಯ ಫೆಡರಲ್ ಕಾನೂನು. ಅಲ್ಲಿ ಹಣ ಕೊಟ್ಟವರು ಅಲ್ಲೇ ದೂರು ಕೊಡುವುದು ಸುಲಭದ ದಾರಿ. ಹಾಗಾಗಿ ‘ಇಚ್ಚಾ, ಶೂ ಜೊತೆ ಬಿಲ್ಲಿನ ಫೋಟೋವನ್ನೂ ಕಳಿಸಿ’ ಎಂದು ಹೇಳಲು ನಾಚಬೇಡಿ. ರಜೆಯಲ್ಲಿ ಬರುವವರು ಶೂ ತರುವುದಾದರೆ ಅಲ್ಲಿಂದ ಹೊರಡುವ ಮೊದಲೇ ಬಾಕ್ಸ್ ಬಿಚ್ಚಿ ನೋಡಲಿ.

ಮೊದಲು ಮಾಡಬೇಕಾದದ್ದು, ಆಮೇಲೆ ಮಾಡಬೇಕಾದದ್ದು

ಹಣ ಕೊಡುವ ಮೊದಲು ರಿಟರ್ನ್ ಪಾಲಿಸಿಯ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅದು ಬದಲಾಗಬಹುದು. ಬಿಲ್ ಕೇಳಿ ಪಡೆಯಿರಿ. ‘ಬಿಲ್ ಬೇಡದಿದ್ದರೆ ಕಡಿಮೆ ಮಾಡಿ ಕೊಡ್ತೇನೆ’ ಎಂಬ ಮಾತಿಗೆ ಬೀಳಬೇಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಗಿಂತ ಹೆಚ್ಚಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 18. ಮೇಲೆ ಹೇಳಿದ 17,700 ರೂಪಾಯಿಯ ಶೂನಲ್ಲಿ 2,700 ತೆರಿಗೆ. ಬಿಲ್ ಇಲ್ಲದಿದ್ದರೆ ಅದರಲ್ಲಿ ಸ್ವಲ್ಪ ನಿಮಗೆ ಉಳಿಯಬಹುದು, ಆದರೆ 15,000ಕ್ಕೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಬಿಲ್ ಕೊಡದಿರುವುದೂ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ.

ಪಾರ್ಸೆಲ್ ಬಂದರೆ ವಿಳಾಸದ ಚೀಟಿ ಕಾಣುವ ಹಾಗೆ, ನಡುವೆ ನಿಲ್ಲಿಸದೆ ಬಿಚ್ಚುವ ವಿಡಿಯೋ ಮಾಡಿ. ಮನೆಯ ಒಳಗೇ ಚಾಪೆ ಮೇಲೆ ಹಾಕಿ ನೋಡಿ. ಟ್ಯಾಗ್ ಕತ್ತರಿಸಬೇಡಿ. ಹೊರಗೆ ಹಾಕಿ ನಡೆದ ಶೂಗೆ ‘ಮೊದಲೇ ಹೀಗಿತ್ತು’ ಎಂದರೆ ಯಾರೂ ನಂಬುವುದಿಲ್ಲ.

ದೋಷ ಕಂಡರೆ ಮೊದಲು ಅಂಗಡಿಗೆ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಬರಹದಲ್ಲೇ ತಿಳಿಸಿ. ಫೋನಿನಲ್ಲಿ ಆಡಿದ ಜಗಳ ದಾಖಲೆಯಾಗುವುದಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಮಾತಾಡಬಹುದು. ಅದರಲ್ಲೂ ಆಗದಿದ್ದರೆ ಜಿಲ್ಲಾ ಆಯೋಗ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ಎರಡು ವರ್ಷದೊಳಗೆ ಕೊಡಬೇಕು. ಪರೀಕ್ಷೆ ಇಲ್ಲದೆ ದೋಷ ತೀರ್ಮಾನಿಸಲಾಗದಿದ್ದರೆ ಆಯೋಗ ಶೂವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು, ಅದರ ಖರ್ಚನ್ನು ದೂರುದಾರರೇ ಮೊದಲು ಕಟ್ಟಬೇಕು. ತೀರ್ಪು ಕಾನೂನಿನಲ್ಲಿ ಹೇಳಿದ ಮೂರು ತಿಂಗಳಿಗೆ ಬರುತ್ತದೆ ಎಂದು ಲೆಕ್ಕ ಹಾಕಬೇಡಿ, ಹೆಚ್ಚಾಗಿ ತಡವಾಗುತ್ತದೆ.

ಅಂಗಡಿ ಇಟ್ಟಿರುವ ನಮ್ಮವರಿಗೂ ಒಂದು ಮಾತು. ‘ವಾಪಸ್ ಇಲ್ಲ’ ಎಂಬ ಸಾಲನ್ನು ಬಿಲ್ಲಿನಿಂದ ತೆಗೆಸಿ, ಅದರ ಬದಲು ‘ದೋಷ ಇದ್ದರೆ ಇಷ್ಟು ದಿನದೊಳಗೆ ತನ್ನಿ, ಮನಸ್ಸು ಬದಲಾದರೆ ವಾಪಸ್ ಇಲ್ಲ’ ಎಂದು ಕನ್ನಡ, ಮಲಯಾಳದಲ್ಲಿ ದೊಡ್ಡದಾಗಿ ಬರೆಸಿ. ಕೊಟ್ಟ ಶೂನ ಒಳಲೇಬಲ್ ನಂಬರನ್ನು ಬಿಲ್ಲಿನಲ್ಲೇ ಬರೆದುಕೊಂಡರೆ ಬದಲಿ ಮಾಲು ತರುವ ಮೋಸವೂ ಬಹಳಷ್ಟು ನಿಲ್ಲುತ್ತದೆ. ಗಿರಾಕಿಗೆ ಮೊದಲೇ ಗೊತ್ತಿದ್ದರೆ ಕೌಂಟರಿನಲ್ಲಿ ಅರ್ಧ ಜಗಳ ಹುಟ್ಟುವುದೇ ಇಲ್ಲ.