ಗೋಪುರದಲ್ಲಿ ಮಾತನಾಡದ ಅಧಿಕಾರಿ

2019ರ ನವೆಂಬರ್ 22ರಂದು ಕಲಬುರಗಿ ಬಳಿಯ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣವು ಉದ್ಘಾಟನೆಗೊಂಡಾಗ, ಖ್ವಾಜಾ ಬಂದೇನವಾಜರ ದರ್ಗಾದ ನೆರೆಯಲ್ಲಿರುವ ರೋಜಾದ ಜನರಿಗೂ ಬೆಂಗಳೂರಿಗೆ ರೈಲುಹಾದಿಯ ಜೊತೆಗೆ ಆಕಾಶಮಾರ್ಗವೊಂದು ದೊರೆತಂತಾಯಿತು. ಹಾಗೆ ಹಾರಿಹೋಗುವ ಪ್ರಯಾಣಿಕನಿಗೆ ವಿಮಾನಚಾಲಕನ ದನಿ ಪರಿಚಿತ; ಗೋಪುರದಲ್ಲಿ ಕುಳಿತು ರೇಡಿಯೋ ಮೂಲಕ ಅನುಜ್ಞೆ ಕೊಡುವ ನಿಯಂತ್ರಕನ ವಿಷಯವೂ ಒಂದಿಷ್ಟು ತಿಳಿದಿರಬಹುದು. ಆದರೆ ಆ ನಿಯಂತ್ರಕನ ಬೆನ್ನ ಹಿಂದೆ, ವಿಮಾನಗಳೊಡನೆ ಸ್ವತಃ ಮಾತನಾಡದೆ, ಇಡೀ ಪಾಳಿಯ ಹೊಣೆಯನ್ನು ಹೊತ್ತಿರುವ ವಾಚ್ ಸೂಪರ್‌ವೈಸರಿ ಆಫೀಸರ್ ಎಂಬ ಅಧಿಕಾರಿಯನ್ನು ಬಲ್ಲವರು ವಿರಳ.

ಯಾರು ಯಾವ ಪರದೆಯ ಮುಂದೆ ಕೂರಬೇಕು, ಸಂಚಾರ ದಟ್ಟವಾದಾಗ ಒಬ್ಬನ ಕೆಲಸವನ್ನು ಯಾವಾಗ ಇಬ್ಬರಿಗೆ ಹಂಚಬೇಕು, ಅವಧಾನ ಕುಂದುತ್ತಿರುವವನನ್ನು ಎಷ್ಟು ಹೊತ್ತಿಗೆ ಎಬ್ಬಿಸಿ ಕಳುಹಿಸಬೇಕು, ಯಾವ ರನ್‌ವೇಯನ್ನು ಬಳಸಬೇಕು ಎಂಬ ನಿರ್ಣಯಗಳೆಲ್ಲ ಅವನವು. ಆದರೆ ನಿರ್ಣಯ ಎಷ್ಟೇ ಸಮಂಜಸವಾಗಿದ್ದರೂ, ಅದು ಸಂಬಂಧಪಟ್ಟ ಪ್ರತಿಯೊಬ್ಬನ ಕಿವಿಯನ್ನು ಮುಟ್ಟಿ, ಮುಟ್ಟಿತೆಂಬ ಮರುನುಡಿ ಹಿಂದಿರುಗುವವರೆಗೆ ಅದರಿಂದ ಅಪಾಯವೇ ಹೆಚ್ಚು.

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನಲ್ಲಿ ನಡೆದದ್ದು ಇದೇ. ಕೆಂಪೇಗೌಡ ನಿಲ್ದಾಣಕ್ಕೆ ಉತ್ತರ, ದಕ್ಷಿಣವೆಂದು ಸಮಾನಾಂತರವಾದ ಎರಡು ರನ್‌ವೇಗಳಿವೆ. ಒಂದೊಂದಕ್ಕೂ ಪ್ರತ್ಯೇಕ ನಿಯಂತ್ರಕರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಾಥಮಿಕ ವರದಿಯಂತೆ, ಪಾಳಿಯ ಮುಖ್ಯಸ್ಥರು ಇನ್ನು ಉತ್ತರದ ರನ್‌ವೇಯೊಂದೇ ಸಾಕೆಂದು ನಿಶ್ಚಯಿಸಿದರು. ದಕ್ಷಿಣದ ನಿಯಂತ್ರಕನಿಗೆ ಆ ಸಂಗತಿ ತಲುಪಲಿಲ್ಲ. ಆತ ಕೋಲ್ಕತ್ತಾಕ್ಕೆ ಹೊರಟ ಇಂಡಿಗೋ ವಿಮಾನಕ್ಕೆ ಮೇಲೇರಲು ಅನುಮತಿಯಿತ್ತನು. ಅದೇ ವೇಳೆಗೆ ಉತ್ತರದವನು ಭುವನೇಶ್ವರಕ್ಕೆ ಹೊರಟ ಇಂಡಿಗೋ ವಿಮಾನವನ್ನು ಬಿಟ್ಟನು. ಮೇಲೇರುವ ಇಂಥ ವಿಮಾನ ಸೆಕೆಂಡಿಗೆ ಸುಮಾರು 75 ಮೀಟರು ಮುನ್ನುಗ್ಗುತ್ತದೆ. ವಿಮಾನದೊಳಗಿನ ಘರ್ಷಣೆ-ಎಚ್ಚರಿಕೆಯ ಯಂತ್ರವಾದರೋ, ನೆಲದಿಂದ ಸುಮಾರು ಸಾವಿರ ಅಡಿಗಿಂತ ಕೆಳಗೆ, ಏರು ಅಥವಾ ಇಳಿ ಎಂಬ ಆಜ್ಞೆಯನ್ನು ಕೊಡುವುದೇ ಇಲ್ಲ. ಪರಸ್ಪರ ಸಮೀಪಿಸುತ್ತಿದ್ದ ಅವೆರಡನ್ನೂ ರೇಡಾರಿನಲ್ಲಿ ಕಂಡ ಅಪ್ರೋಚ್ ನಿಯಂತ್ರಕನು ತತ್‌ಕ್ಷಣ ಬೇರೆಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ನಾನೂರಕ್ಕೂ ಮಿಕ್ಕ ಜನರ ಪ್ರಾಣ ಉಳಿಯಿತು.

ರನ್‌ವೇ ಬದಲಾಯಿಸಿದ ನಿರ್ಣಯದಲ್ಲಿಯೇ ತಪ್ಪಿತ್ತೆಂದು ನನಗನ್ನಿಸುವುದಿಲ್ಲ; ಸಂಚಾರ ತೆಳುವಾದಾಗ ಒಂದೇ ರನ್‌ವೇಯನ್ನು ಬಳಸುವುದು ಲೋಕರೂಢಿ. ಕೊರತೆಯಾದದ್ದು ನಾಲ್ಕು ಮಾತು. ನಿಯಂತ್ರಕ ಹೇಳಿದ್ದನ್ನು ಚಾಲಕನು ಮರಳಿ ಉಚ್ಚರಿಸಿ ಖಚಿತಪಡಿಸುವ ರೀಡ್‌ಬ್ಯಾಕ್ ಎಂಬ ಪದ್ಧತಿ ಆಕಾಶಕ್ಕೂ ನೆಲಕ್ಕೂ ನಡುವೆ ಕಡ್ಡಾಯವಾಗಿರುವಾಗ, ಒಂದೇ ಸಂಸ್ಥೆಯ ಸಹೋದ್ಯೋಗಿಗಳ ನಡುವೆ ಅದನ್ನು ಅಷ್ಟೇ ನಿಷ್ಠುರವಾಗಿ ಪಾಲಿಸುವಂತೆ ಮಾಡುವುದು ಮೇಲ್ವಿಚಾರಕನ ಮೊದಲ ಕರ್ತವ್ಯ.

ಇಂಥ ಕಣ್ಗಾವಲು ತಪ್ಪಿದರೆ ಏನಾದೀತೆಂಬುದಕ್ಕೆ 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗನ್ ಬಳಿ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದ ದುರಂತವೇ ಸಾಕ್ಷಿ. ಆ ವಿಮಾನಗಳನ್ನು ನಿಯಂತ್ರಿಸುತ್ತಿದ್ದ ಜ್ಯೂರಿಚಿನ ಕೇಂದ್ರದಲ್ಲಿ ಇಬ್ಬರು ನಿಯಂತ್ರಕರ ಪೈಕಿ ಒಬ್ಬನು ವಿಶ್ರಾಂತಿಗೆ ತೆರಳಿದ್ದನು. ಉಳಿದೊಬ್ಬನೇ ಎರಡು ಪರದೆಗಳನ್ನು ನೋಡಿಕೊಳ್ಳುತ್ತಿದ್ದನು. ದುರಸ್ತಿಯ ನಿಮಿತ್ತ ದೂರವಾಣಿಯೂ ಕೆಲಸ ಮಾಡುತ್ತಿರಲಿಲ್ಲ. ಅಂದು 71 ಮಂದಿ ಮಡಿದರು. ಇಬ್ಬರ ಕೆಲಸವನ್ನು ಒಬ್ಬನಿಗೆ ಒಪ್ಪಿಸುವ ರೂಢಿ ಅಲ್ಲಿ ಬಹುಕಾಲದಿಂದ ಸಹಿಸಲ್ಪಟ್ಟಿತ್ತು.

ಬೆಂಗಳೂರಿನ ಘಟನೆಗೆ ಇನ್ನೊಂದು ಮುಖವೂ ಉಂಟು. ಆ ಘಟನೆ ಯಾವ ಲಾಗ್ ಪುಸ್ತಕದಲ್ಲಿಯೂ ದಾಖಲಾಗಿರಲಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರವೂ ವರದಿ ಮಾಡಿರಲಿಲ್ಲ ಎಂದು ಮಹಾನಿರ್ದೇಶನಾಲಯವು ತಿಳಿಸಿತು. ಮಾತು ತಲುಪದಿದ್ದುದು ಒಂದು ಬೆಳಗಿನ ಪ್ರಮಾದ. ಬರೆಯದೆ ಬಿಟ್ಟದ್ದು ಅದಕ್ಕಿಂತ ಗುರುತರವಾದ ಅಪರಾಧವೆಂದೇ ನಾನು ತಿಳಿಯುತ್ತೇನೆ.