ಸಣ್ಣಕ್ಷರದ ಕಾವಲು

ಆಷಾಢ ಬಂತೆಂದರೆ ಪತ್ರಿಕೆಯ ಮುಖಪುಟಕ್ಕೂ ಮುಂಚೆ ಇನ್ನೊಂದು ಮುಖಪುಟ ಬರುತ್ತದೆ. ಸೀರೆ, ಫ್ರಿಜ್ಜು, ಚಿನ್ನ. ನಟ್ಟನಡುವೆ ಅಂಗೈಯಗಲದ ‘50%’. ಅದರ ಹೆಗಲ ಮೇಲೆ ಎಳ್ಳುಕಾಳಿನಷ್ಟು ಒಂದು ಸ್ಟಾರ್ ಗುರುತು. ಅದರ ಜೋಡಿಯನ್ನು ಹುಡುಕಬೇಕೆಂದರೆ ಪುಟದ ತಳಕ್ಕೆ ಇಳಿದು, ಕನ್ನಡಕ ಸರಿಮಾಡಿಕೊಂಡು, ಬೆಳಕಿಗೆ ಹಿಡಿಯಬೇಕು: ‘ಆಯ್ದ ಮಾದರಿಗಳಿಗೆ ಮಾತ್ರ’, ‘ದಾಸ್ತಾನು ಇರುವವರೆಗೆ’, ‘ಷರತ್ತುಗಳು ಅನ್ವಯ’. ‘50%’ ಆದಮೇಲೆ ಬರುವ ‘ವರೆಗೆ’ ಎಂಬ ಪದವಂತೂ ಯಾರದೋ ಮದುವೆಗೆ ಕರೆಯದೆ ಬಂದವರ ಹಾಗೆ ಮೂಲೆಯಲ್ಲಿ ನಿಂತಿರುತ್ತದೆ.

ಗ್ರಾಹಕರನ್ನು ಜಾಹೀರಾತಿನಿಂದ ಕಾಯುವ ಕಾನೂನು, ಸಂಸ್ಥೆಗಳ ಬಗ್ಗೆ ಬರೆಯಲು ಕೂತ ನಾನು ಸಿಕ್ಕಿಹಾಕಿಕೊಂಡದ್ದು ಈ ಸ್ಟಾರಿನಲ್ಲಿ. ಅದನ್ನು ಸಾವಿರಾರು ಸಲ ಕೈಯಾರೆ ಹಾಕಿದವರೊಬ್ಬರು ದಾವಣಗೆರೆಯ ಮಂಡಿಪೇಟೆಯ ಕಡೆ ಸಿಕ್ಕರು. ಹೆಸರು ಬೇಡ ಎಂದರು. ಅಂಗಡಿಯವರೆಲ್ಲ ಇವತ್ತಿಗೂ ಅವರ ಗಿರಾಕಿಗಳೇ. ಹುಡುಗರಾಗಿದ್ದಾಗ ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಕೂತವರು, ಟ್ರೆಡಲ್ ಮಷೀನು ಗುಜರಿಗೆ ಹೋದಮೇಲೆ ಪೇಜ್‌ಮೇಕರ್, ನುಡಿ ಕಲಿತು ಡಿಟಿಪಿ ಅಂಗಡಿ ಇಟ್ಟರು. ಕರಪತ್ರ, ಫ್ಲೆಕ್ಸು, ಕೇಬಲ್ ಟೀವಿಯ ಪಟ್ಟಿ, ಎಲ್ಲವನ್ನೂ ಮಾಡಿಕೊಡುತ್ತಾರೆ.

“ಇಂಗ್ಲಿಷ್ ಆರು ಪಾಯಿಂಟಿಗೆ ಇಳಿಸಿದ್ರೂ ಹೆಂಗೋ ಓದಬಹುದು ಸರ. ಕನ್ನಡ ಇಳಿಸಿದ್ರೆ ಒತ್ತಕ್ಷರ ಎಲ್ಲಾ ಕೂಡ್ಕಂಡು ಮಸಿ ಚುಕ್ಕಿ ಆಗ್ತತಿ” ಎಂದರು. ಮೊಳೆಯ ಕಾಲದಲ್ಲಿ ಅಷ್ಟು ಸಣ್ಣ ಕನ್ನಡ ಜೋಡಿಸಲು ಯಾರೂ ಒಪ್ಪುತ್ತಿರಲಿಲ್ಲವಂತೆ. ಕಂಪ್ಯೂಟರು ಬಂದಮೇಲೆ ಸಣ್ಣದಕ್ಕೆ ಮಿತಿಯೇ ಇಲ್ಲ. “ಕೆಳಗಿನ ಲೈನು ಎಷ್ಟು ಸಣ್ಣದು ಮಾಡ್ಲಿ ಅಂತ ಒಬ್ರನ್ನ ಕೇಳಿದೆ. ‘ಗಿರಾಕಿಗೆ ಓದಾಕೆ ಬರಬಾರ್ದು, ಕೇಸಾದ್ರೆ ವಕೀಲ್ರಿಗೆ ಬರಬೇಕು, ಅಷ್ಟು’ ಅಂದ್ರು.” ಹೇಳಿ ಅವರು ನಕ್ಕರು. ಜಾಹೀರಾತು ನಿಯಂತ್ರಣದ ಇಡೀ ಕಷ್ಟವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಸರ್ಕಾರಿ ಕಾಗದ ನನಗಂತೂ ಸಿಕ್ಕಿಲ್ಲ.

ಸರ್ಕಾರಕ್ಕೂ ಇದು ಗೊತ್ತಿಲ್ಲದ ಸಂಗತಿಯಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಅಡಿಟಿಪ್ಪಣಿಗೆಂದೇ ಒಂದು ಭಾಗವಿದೆ. ದೊಡ್ಡಕ್ಷರದ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಅಕ್ಷರವೂ ಅದೇ ಬಗೆಯದಾಗಿರಬೇಕು. ಮೇಲೆ ಕನ್ನಡದಲ್ಲಿ ಕೂಗಿ ಕೆಳಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟುವಂತಿಲ್ಲ. ಸ್ಟಾರು ಮೇಲಿನ ಮಾತನ್ನು ಬಿಡಿಸಿ ಹೇಳಬಹುದು, ತಲೆಕೆಳಗು ಮಾಡುವಂತಿಲ್ಲ. ಮೇಲೆ ಹೇಳಿದ ಸುಳ್ಳನ್ನು ಕೆಳಗೆ ತಿದ್ದಿದರೆ ಮಾಫಿಯೂ ಇಲ್ಲ. ಕಡಿಮೆ ಬೆಲೆಯ ಆಸೆ ತೋರಿಸಿ ಕರೆಯುವವರ ಬಳಿ ಆ ಬೆಲೆಗೆ ಕೊಡಲು ಸಾಕಷ್ಟು ಸರಕಿರಬೇಕು. ಸೋಡಾ, ಸಂಗೀತದ ಸಿ.ಡಿ. ಎಂದು ಹೇಳಿಕೊಂಡು ಮದ್ಯದ ಹೆಸರನ್ನು ಮೆರೆಸುವ ಬದಲಿ ಜಾಹೀರಾತಿಗೆ ನಿಷೇಧವಿದೆ.

ಟೀವಿಯ ಸ್ಟಾರಿನದು ಇನ್ನೊಂದು ಕಥೆ. ಅಲ್ಲಿ ಅಕ್ಷರದ ಗಾತ್ರದ ಜೊತೆಗೆ ಹೊತ್ತೂ ಮುಖ್ಯ. ಪರದೆಯಲ್ಲಿ ಷರತ್ತಿನ ಒಂದೊಂದು ಸಾಲೂ 4 ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಕೆಂದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ ಹೇಳುತ್ತದೆ. ‘ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆಯ ಅಪಾಯಕ್ಕೆ ಒಳಪಟ್ಟಿವೆ’ ಎಂದು ಬಸ್ಸು ತಪ್ಪಿಹೋಗುವ ಆತುರದಲ್ಲಿ ಓದುವ ದನಿ ನೆನಪಿದೆಯಲ್ಲ? ಆ ಓಟಕ್ಕೂ ಸೆಬಿ ಲಗಾಮು ಹಾಕಿತು: ಇಂಗ್ಲಿಷಿನ 14 ಪದಗಳ ಎಚ್ಚರಿಕೆಗೆ ಕನಿಷ್ಠ 5 ಸೆಕೆಂಡು ಕೊಟ್ಟರೆ ಅದು ಅರ್ಥವಾಗುವ ಹಾಗೆ ಓದಿದಂತೆ. ಷೇರುಪೇಟೆಯನ್ನು ಕಾಯುವವರು ಕೂತು ಪದ ಎಣಿಸಿದ್ದಾರೆ ಎಂಬುದೇ ನನಗೆ ಒಂದು ಸಮಾಧಾನ.

ಇನ್ನು ಚರಿತ್ರೆ, ಚುಟುಕಾಗಿ. ಮೊದಲ ದೊಡ್ಡ ಕಾಯ್ದೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ತಾಯಿತ, ಮಂತ್ರ, ಕವಚಗಳ ಹೆಸರು ಹಿಡಿದೇ ಮಾತಾಡುವ ಕಾನೂನು ಅದು. ಇಂತಿಂಥ ಕಾಯಿಲೆಯನ್ನು ವಾಸಿಮಾಡುತ್ತೇವೆಂದು ಸಾರುವಂತಿಲ್ಲ ಎಂಬ ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ಕ್ಯಾನ್ಸರ್, ತೊನ್ನು, ಕಣ್ಣಿನ ಪೊರೆಗಳ ಜೊತೆ ಸಿಡುಬು, ಪ್ಲೇಗುಗಳೂ ಇವೆ. ಎತ್ತರ ಬೆಳೆಸುವುದೂ ಇದೆ. ಹಳೆಯ ಮಾಸಪತ್ರಿಕೆಗಳ ಹಿಂಬದಿ ಪುಟ ನೆನಪಿರುವವರಿಗೆ ಈ ಪಟ್ಟಿ ಓದಿದರೆ ನಗು ಬರುತ್ತದೆ.

ಮುಂಬೈಯಲ್ಲಿ 1985ರಲ್ಲಿ ಹುಟ್ಟಿದ ಗುಣಮಟ್ಟ ಮಂಡಳಿ ಸರ್ಕಾರದ್ದಲ್ಲ, ಜಾಹೀರಾತು ಕೊಡುವವರು, ಮಾಡುವವರು, ಹಾಕುವವರು ಸೇರಿ ತಮಗೆ ತಾವೇ ಕಟ್ಟಿಕೊಂಡ ಬೇಲಿ. ಅದಕ್ಕೆ ದಂಡ ಹಾಕುವ ಅಧಿಕಾರವಿಲ್ಲ. ಆದರೂ ದೂರು ಕೇಳುವ ಅದರ ಸಮಿತಿಯಲ್ಲಿ ಉದ್ಯಮದ ಹೊರಗಿನವರೇ ಹೆಚ್ಚು, ಮತ್ತು 2006ರಿಂದ ಅದರ ಸಂಹಿತೆ ಮೀರಿದ ಜಾಹೀರಾತನ್ನು ಕೇಬಲ್ ಟೀವಿಯಲ್ಲಿ ಹಾಕುವಂತಿಲ್ಲ. ಹಲ್ಲು ಬಂದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ. ಅದರಡಿ 2020ರಲ್ಲಿ ಶುರುವಾದ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ವಿಚಾರಿಸದೆ ಮುಖ ಕೊಟ್ಟ ಸಿನಿಮಾ ನಟರಿಗೂ ಇದು ಅನ್ವಯ. ಅವರನ್ನು 1 ವರ್ಷ, ಮತ್ತೆ ಮಾಡಿದರೆ 3 ವರ್ಷ ಯಾವ ಜಾಹೀರಾತಿಗೂ ಬರದಂತೆ ತಡೆಯಬಹುದು.

ಪ್ರಾಧಿಕಾರದ ಆದೇಶಗಳಲ್ಲಿ ಕರ್ನಾಟಕದ ಹೆತ್ತವರು ಓದಬೇಕಾದದ್ದು ಐಎಎಸ್ ಕೋಚಿಂಗ್ ಕೇಂದ್ರಗಳ ಮೇಲಿನವು. ಫಲಿತಾಂಶದ ಮರುದಿನ ಒಂದೇ ರ‍್ಯಾಂಕಿನ ಹುಡುಗಿಯ ಫೋಟೊ ನಾಲ್ಕು ಕೇಂದ್ರಗಳ ಜಾಹೀರಾತಿನಲ್ಲಿ ನಗುತ್ತಿರುತ್ತದಲ್ಲ, ಅದರ ಗುಟ್ಟು ಅಲ್ಲಿದೆ. 2022ರ ಪರೀಕ್ಷೆಯಲ್ಲಿ ತನ್ನ 216ಕ್ಕೂ ಹೆಚ್ಚು ಮಂದಿ ಆಯ್ಕೆಯಾದರೆಂದು ಹೇಳಿಕೊಂಡ ಸಂಸ್ಥೆಯೊಂದನ್ನು ವಿಚಾರಿಸಿದಾಗ, ಅವರಲ್ಲಿ 162 ಮಂದಿ ತೆಗೆದುಕೊಂಡದ್ದು ಸಂದರ್ಶನದ ಉಚಿತ ತರಬೇತಿ ಮಾತ್ರ ಎಂದು ಗೊತ್ತಾಯಿತು. ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ಅವರು ತಮ್ಮ ಬಲದಲ್ಲೇ ದಾಟಿದ್ದರು. 2024ರ ನವೆಂಬರಿನ ಮಾರ್ಗಸೂಚಿಯ ಪ್ರಕಾರ ಫೋಟೊ ಹಾಕಿದರೆ ಯಾವ ಕೋರ್ಸು, ಎಷ್ಟು ದಿನ, ದುಡ್ಡು ಕೊಟ್ಟದ್ದೋ ಬಿಟ್ಟಿಯದೋ, ಎಲ್ಲ ಕಾಣುವ ಹಾಗೆ ಬರೆಯಬೇಕು. ಒಪ್ಪಿಗೆಯನ್ನೂ ಪಾಸಾದಮೇಲೇ ಬರೆಸಿಕೊಳ್ಳಬೇಕು. ಜಮೀನು ಅಡವಿಟ್ಟು ಮಕ್ಕಳನ್ನು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಕಳಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಗಾತ್ರದ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. 2024ರ ಏಪ್ರಿಲ್‌ನಲ್ಲಿ, ದಾರಿ ತಪ್ಪಿಸುವ ಜಾಹೀರಾತುಗಳ ಪ್ರಕರಣದಲ್ಲಿ ಪತಂಜಲಿ ಸಂಸ್ಥೆ 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿದ್ದೇವೆ ಎಂದಾಗ, ಆ ಕ್ಷಮಾಪಣೆ ನಿಮ್ಮ ಮಾಮೂಲಿ ಜಾಹೀರಾತಿನಷ್ಟೇ ದೊಡ್ಡದಿತ್ತೇ ಎಂದು ನ್ಯಾಯಪೀಠ ಕೇಳಿತು. ಕತ್ತರಿಸಿದ ತುಣುಕನ್ನು ಹಿಗ್ಗಿಸಿ ತರಬೇಡಿ, ಅಚ್ಚಾದ ಅಳತೆಯಲ್ಲೇ ನೋಡಬೇಕು ಎಂದಿತು. ಮರುದಿನವೇ ಕ್ಷಮಾಪಣೆಯ ಅಳತೆ ಹಿಗ್ಗಿ ಅಚ್ಚಾಯಿತು.

ಇಷ್ಟೆಲ್ಲ ದೆಹಲಿ, ಮುಂಬೈಗಳಲ್ಲಿ ನಡೆಯುತ್ತದೆ. ಊರಿನ ಬಸ್ ನಿಲ್ದಾಣದ ಗೋಡೆಯ ಮೇಲೆ, ಪತ್ರಿಕೆಯೊಳಗೆ ಸೇರಿಸಿ ಹಂಚುವ ಕರಪತ್ರದಲ್ಲಿ, ‘ಸಕ್ಕರೆ ಕಾಯಿಲೆ 40 ದಿನದಲ್ಲಿ ಮಾಯ’ ಎನ್ನುವ ಬರಹಕ್ಕೆ ಸ್ಟಾರಿನ ಹಂಗೂ ಇಲ್ಲ. 1954ರ ಕಾಯ್ದೆ ಅದನ್ನು ಅಪರಾಧವೆನ್ನುತ್ತದೆ, ಬರಹ ಮಾತ್ರ ಮಳೆಗೆ ಮಾಸುವವರೆಗೆ ಇರುತ್ತದೆ. ಹಾಗೆಂದು ದೂರು ಕೊಡಲು ದೂರ ಹೋಗಬೇಕಿಲ್ಲ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ. 2019ರ ಕಾಯ್ದೆ ಇನ್ನೂ ಹತ್ತಿರದ ಬಾಗಿಲೊಂದನ್ನು ತೆರೆದಿಟ್ಟಿದೆ: ದಾರಿ ತಪ್ಪಿಸುವ ಜಾಹೀರಾತಿನ ಮೇಲೆ ನಮ್ಮ ಜಿಲ್ಲಾಧಿಕಾರಿಗೇ ಬರೆದು ಕೊಡಬಹುದು. ಪಹಣಿ ತಿದ್ದುಪಡಿಗೆ, ವೃದ್ಧಾಪ್ಯ ವೇತನಕ್ಕೆ ಜನ ಆ ಕಚೇರಿಗೆ ಅಲೆಯುವುದನ್ನು ಕಂಡಿದ್ದೇನೆ. ಕೈಯಲ್ಲಿ ಒಂದು ಕರಪತ್ರ ಹಿಡಿದು ಯಾರಾದರೂ ಅಲ್ಲಿ ಸರದಿ ನಿಂತ ಸುದ್ದಿ ಇನ್ನೂ ನನ್ನ ಕಿವಿಗೆ ಬಿದ್ದಿಲ್ಲ.